ಹೆರಿಗೆ ವಾರ್ಡಿನ ಹಳೆಯ ದಪ್ತರ

ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ 1934ರ ಹೊತ್ತಿಗೆ ಒಂದು ಅಭ್ಯಾಸ ನೆಲೆಯೂರಿತ್ತು. ಮಗು ಹುಟ್ಟಿದ ಮೇಲೆ ಅದನ್ನು ತಕ್ಕಡಿಯಲ್ಲಿಟ್ಟು ತೂಗಬೇಕು, ಉದ್ದ ಅಳೆಯಬೇಕು, ತಲೆಯ ಸುತ್ತಳತೆ ನೋಡಬೇಕು, ಮೂರನ್ನೂ ಬರೆದಿಡಬೇಕು. ಬಸುರಿಯಾಗಿದ್ದಾಗ ತಾಯಿ ಎಷ್ಟು ತೂಗುತ್ತಿದ್ದಳೆಂಬುದಕ್ಕೂ ದಾಖಲೆಯಲ್ಲಿ ಜಾಗವಿತ್ತು. ಹೆರಿಗೆ ಕೋಣೆಯ ಗಡಿಬಿಡಿ ಬಲ್ಲವರಿಗೆ ಇದು ಎಷ್ಟು ಬೇಸರದ ಕೆಲಸವೆಂದು ಗೊತ್ತು. ಇತ್ತ ಮಗು ಅಳುತ್ತಿರುತ್ತದೆ, ಹೊರಗೆ ಅಜ್ಜಿ ಗಂಡೋ ಹೆಣ್ಣೋ ಎಂದು ಕೇಳುತ್ತಿರುತ್ತಾಳೆ, ಪಕ್ಕದ ಮಂಚದಲ್ಲಿ ಇನ್ನೊಬ್ಬಳು ನೋವು ತಿನ್ನುತ್ತಿರುತ್ತಾಳೆ. ಅರ್ಧ ಪೌಂಡು ಹೆಚ್ಚುಕಡಿಮೆ ಬರೆದಿದ್ದರೆ, ಅಥವಾ ಬರೆಯದೆಯೇ ಬಿಟ್ಟಿದ್ದರೆ, ಅವತ್ತು ಕೇಳುವವರು ಯಾರೂ ಇರಲಿಲ್ಲ.

ಆದರೂ ಬರೆದರು. ಒಬ್ಬರು ಕೆಲಸ ಬಿಟ್ಟ ಮೇಲೆ ಇನ್ನೊಬ್ಬರು ಬರೆದರು. ಮಹಾಯುದ್ಧ ಬಂತು, ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಗಿ ರಾಜ್ಯ ಬಂತು. ತಕ್ಕಡಿ ಮಾತ್ರ ನಿಲ್ಲಲಿಲ್ಲ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂಬುದು ಅದರ ಹೆಸರು, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಸುಮಾರು ಅರವತ್ತು ವರ್ಷಗಳ ನಂತರ, 1993ರಲ್ಲಿ, ಆ ಹೆರಿಗೆ ದಾಖಲೆಗಳನ್ನು ಹಿಡಿದುಕೊಂಡು ಸುತ್ತಲಿನ ಬೀದಿಗಳಿಗೆ ಹೊರಟವರಿದ್ದರು. ಅವರು ಹುಡುಕುತ್ತಿದ್ದ ಕೂಸುಗಳು ಅಷ್ಟರಲ್ಲಿ ಓದಿ, ನೌಕರಿ ಹಿಡಿದು, ಮಕ್ಕಳ ಮದುವೆಯ ಯೋಚನೆಯಲ್ಲಿದ್ದ ನಡುವಯಸ್ಸಿನವರಾಗಿದ್ದರು. ಅವರ ಹೃದಯ ಹೇಗಿದೆ, ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡುವುದು ಬಂದವರ ಉದ್ದೇಶ. ಹುಟ್ಟಿದ ದಿನದ ತೂಕಕ್ಕೂ ಐವತ್ತನೆಯ ವಯಸ್ಸಿನ ಸಕ್ಕರೆಗೂ ಎತ್ತಣಿಂದೆತ್ತ ಸಂಬಂಧ? ಇದನ್ನು ತಿಳಿಯಬೇಕಾದರೆ ಒಂದು ಊರಿನಲ್ಲಿ ಸಕ್ಕರೆ ಕಾಯಿಲೆ ಎಷ್ಟಿದೆಯೆಂದು ಎಣಿಸುವುದು ಹೇಗೆಂಬ ಸಾಮಾನ್ಯ ಪ್ರಶ್ನೆಯಿಂದ ಹೊರಡಬೇಕು. ಅದು ತೋರುವಷ್ಟು ಸಾಮಾನ್ಯವಲ್ಲ.

ಕನ್ನಡದ ಮನೆಗಳಲ್ಲಿ "ಅವರಿಗೆ ಸ್ವಲ್ಪ ಸಕ್ಕರೆ ಇದೆ" ಎನ್ನುತ್ತಾರೆ, ಸ್ವಲ್ಪ ಸಾಲ ಇದೆ ಎಂದ ಹಾಗೆ. ಹೋಲಿಕೆ ಅಷ್ಟೇನೂ ತಪ್ಪಲ್ಲ. ಸಾಲದಂತೆ ಇದೂ ಸದ್ದಿಲ್ಲದೆ ಬೆಳೆಯುತ್ತದೆ, ಮನೆಯವರಿಗೆ ತಿಳಿಯುವುದು ತಡವಾಗಿ. ಬಾಯಾರಿಕೆ, ಪದೇ ಪದೇ ಮೂತ್ರ, ಆರದ ಗಾಯ ಮುಂತಾದವು ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಸಕ್ಕರೆ ಏರಿರುತ್ತದೆ. ಹಾಗಾಗಿ ಆಸ್ಪತ್ರೆಯ ಚೀಟಿಗಳನ್ನು ಎಣಿಸಿ ಊರಿನ ಕಾಯಿಲೆಯನ್ನು ಅಳೆಯಲಾಗದು. ತಾಲ್ಲೂಕು ಕೇಂದ್ರದ ಡಾಕ್ಟರೊಬ್ಬರು, ಹತ್ತು ವರ್ಷಗಳ ಹಿಂದೆ ತಿಂಗಳಿಗೆ ಇಪ್ಪತ್ತು ಸಕ್ಕರೆ ರೋಗಿಗಳು ಬರುತ್ತಿದ್ದರು, ಈಗ ಇನ್ನೂರು ಬರುತ್ತಾರೆ ಎಂದರೆ, ಹೆಚ್ಚಿದ್ದು ಕಾಯಿಲೆಯೋ, ಡಾಕ್ಟರ ಹೆಸರೋ, ಬೆರಳು ಚುಚ್ಚಿ ನೋಡುವ ಯಂತ್ರ ಅಗ್ಗವಾದದ್ದೋ? ಮೂರೂ ಇರಬಹುದು. ಯಾವುದು ಎಷ್ಟು ಎಂದು ಆ ಚೀಟಿಗಳು ಹೇಳುವುದಿಲ್ಲ.

ಅದನ್ನು ತಿಳಿಯಬೇಕಾದರೆ, ಕಾಯಿಲೆ ಇದೆಯೆಂದು ಬಂದವರನ್ನು ಬಿಟ್ಟು ಏನೂ ಇಲ್ಲವೆಂದು ಮನೆಯಲ್ಲಿ ಕೂತವರ ಬಾಗಿಲು ತಟ್ಟಬೇಕು. ಬೀದಿಗಳ ಪಟ್ಟಿ ಮಾಡಿ, ಇಂತಿಷ್ಟನೆಯ ಮನೆಯೆಂದು ಚೀಟಿ ಎತ್ತಿದಂತೆ ಆರಿಸಿ, ಆರಿಸಿದ ಮನೆಯನ್ನೇ ನೋಡಬೇಕು. ಆ ಮನೆಗೆ ಬೀಗ ಹಾಕಿದೆಯೆಂದು ಪಕ್ಕದ ಮನೆಗೆ ಹೋಗುವಂತಿಲ್ಲ. ಹಗಲಿನಲ್ಲಿ ಬಾಗಿಲು ತೆರೆದಿರುವ ಮನೆಯಲ್ಲಿ ಸಿಗುವವರು ಹೆಂಗಸರು ಮತ್ತು ವಯಸ್ಸಾದವರು. ಅವರನ್ನಷ್ಟೇ ಎಣಿಸಿದರೆ ಲೆಕ್ಕ ವಾಲುತ್ತದೆ. ಗಂಡಸರಿಗಾಗಿ ಭಾನುವಾರವೋ ನಸುಕಿನಲ್ಲೋ ಮತ್ತೆ ಹೋಗಬೇಕು. ರಾತ್ರಿಯಿಡೀ ಉಪವಾಸವಿದ್ದು, ಬೆಳಗಿನ ಕಾಫಿ ಬಿಟ್ಟು, ಒಮ್ಮೆ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸು ಕದಡಿದ ನೀರು ಕುಡಿದು, ಎರಡು ಗಂಟೆ ಕಾದು ಮತ್ತೊಮ್ಮೆ ರಕ್ತ ಕೊಡಿ ಎಂದರೆ ಯಾರು ಒಪ್ಪುತ್ತಾರೆ? ರಕ್ತ ತೆಗೆದರೆ ನಿಶ್ಶಕ್ತಿಯಾಗುತ್ತದೆ ಎನ್ನುವವರಿದ್ದಾರೆ, ಇದ್ದರೂ ತಿಳಿಯುವುದು ಬೇಡ ಎನ್ನುವವರೂ ಇದ್ದಾರೆ. ಬೇಡವೆಂದವರು ಹೆಚ್ಚಾದರೆ ಸಮೀಕ್ಷೆ ಅಷ್ಟರಮಟ್ಟಿಗೆ ಕುರುಡಾಗುತ್ತದೆ. ಹೀಗಾಗಿ ಇಂಥ ಅಧ್ಯಯನದ ಅಚ್ಚಾದ ವರದಿ ಕೈಗೆ ಬಂದಾಗ ಬಲ್ಲವರು ಮೊದಲು ನೋಡುವುದು ನೂರಕ್ಕೆ ಎಷ್ಟು ಜನರಿಗೆ ಕಾಯಿಲೆಯೆಂಬುದನ್ನಲ್ಲ, ಕರೆದವರಲ್ಲಿ ನೂರಕ್ಕೆ ಎಷ್ಟು ಜನ ಬಂದರೆಂಬುದನ್ನು.

ಕರ್ನಾಟಕದ ಒಂದು ಊರು ಈ ಬಗೆಯ ಎಣಿಕೆಯ ಚರಿತ್ರೆಯಲ್ಲಿ ಹೆಸರು ಮಾಡಿದೆ, ಆ ಊರಿನವರಲ್ಲೇ ಎಷ್ಟು ಜನಕ್ಕೆ ಗೊತ್ತೋ ಕಾಣೆ. ಅದು ಕುದುರೆಮುಖ. 1980ರ ದಶಕದಲ್ಲಿ ಅದು ಕಬ್ಬಿಣದ ಅದಿರಿನ ಗಣಿಗಾಗಿ ಕಾಡಿನ ನಡುವೆ ಎದ್ದ ಹೊಸ ಬಡಾವಣೆ. ಗಣಿ ಕಂಪನಿಯ ಆಸ್ಪತ್ರೆಯಲ್ಲಿ ಊರಿನವರ ಹೆಸರು ನೋಂದಣಿಯಾಗಿತ್ತು. ಇಂಥ ಪಟ್ಟಿ ಸಿಕ್ಕುವುದು ಸಮೀಕ್ಷೆ ಮಾಡುವವರ ಪಾಲಿಗೆ ನಿಧಿ ಸಿಕ್ಕಿದಂತೆ. ಮದರಾಸಿನ ಎ. ರಾಮಚಂದ್ರನ್, ವಿ. ಮೋಹನ್, ಎಂ. ವಿಶ್ವನಾಥನ್ ಮತ್ತು ಕರ್ನಾಟಕದವರೇ ಆದ ಎಂ.ವಿ. ಜಾಲಿ ಮೊದಲಾದ ವೈದ್ಯರು ಆ ಪಟ್ಟಿಯಿಂದ ವಯಸ್ಕರಲ್ಲಿ ಐವರಿಗೆ ಒಬ್ಬರಂತೆ ಆರಿಸಿ ಪರೀಕ್ಷಿಸಿದರು. ಕರೆದವರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ ಬಂದರು. 1988ರಲ್ಲಿ ಫಲಿತಾಂಶ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆ ಇದ್ದವರು ನೂರಕ್ಕೆ ಐವರು.

ಐವರೇ ತಾನೆ ಎನಿಸಬಹುದು. ಆದರೆ ಗಣಿ ಊರೆಂದರೆ ದುಡಿಯುವ ವಯಸ್ಸಿನವರ ಊರು. ಮುದುಕರು ತಮ್ಮ ತಮ್ಮ ಊರುಗಳಲ್ಲೇ ಉಳಿದಿರುತ್ತಾರೆ. ಸಕ್ಕರೆ ಕಾಯಿಲೆ ಮುಖ್ಯವಾಗಿ ನಲವತ್ತು ದಾಟಿದವರದು. ಅದೇ ಲೆಕ್ಕವನ್ನು ನಲವತ್ತು ಮೀರಿದವರಲ್ಲಿ ಮಾತ್ರ ನೋಡಿದಾಗ ಸಂಖ್ಯೆ ನೂರಕ್ಕೆ ಇಪ್ಪತ್ತೊಂದಕ್ಕೆ ಹಾರಿತು, ಅಂದರೆ ಐವರಲ್ಲಿ ಒಬ್ಬರು. ಎರಡು ಊರುಗಳನ್ನು ಹೋಲಿಸುವಾಗ ವಯಸ್ಸನ್ನು ಸರಿದೂಗಿಸದಿದ್ದರೆ ಎಂಥ ಮೋಸವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ. ಸಂಖ್ಯಾಶಾಸ್ತ್ರ ಕಲಿಸುವ ಮೇಷ್ಟರುಗಳು ಎಲ್ಲೆಲ್ಲಿಯದೋ ಉದಾಹರಣೆ ಕೊಡುವ ಬದಲು ಇದನ್ನೇ ಕೊಡಬಹುದು.

ಆ ಸಂಖ್ಯೆಗೆ ಇನ್ನೊಂದು ಅರ್ಥವೂ ಇತ್ತು. ಲಂಡನ್ನಿನ ಸೌತಾಲ್ ಬಡಾವಣೆಯಲ್ಲಿ ನೆಲೆಸಿದ ಭಾರತೀಯ ಮೂಲದವರಲ್ಲಿ, ಅಲ್ಲಿಯ ಬಿಳಿಯರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸಕ್ಕರೆ ಕಾಯಿಲೆ ಇದೆಯೆಂದು ಅದೇ ದಶಕದಲ್ಲಿ ತಿಳಿದಿತ್ತು. ಸೀಮೆಗೆ ಹೋಗಿ ಬೆಣ್ಣೆ, ಬಿಸ್ಕತ್ತು ತಿಂದು ಕೆಟ್ಟರು ಎಂದು ವಿವರಿಸುವುದು ಸುಲಭವಾಗಿತ್ತು. ಚಿಕ್ಕಮಗಳೂರು ಜಿಲ್ಲೆಯ ಮಳೆಯಲ್ಲಿ, ಅನ್ನ ಸಾರು ಉಣ್ಣುವವರಲ್ಲೂ ಅದಕ್ಕೆ ಕಡಿಮೆಯಿಲ್ಲದ ಪ್ರಮಾಣ ಕಂಡಾಗ ಆ ವಿವರಣೆ ನಿಲ್ಲಲಿಲ್ಲ. ಕಾಯಿಲೆ ಹಡಗು ಹತ್ತಿ ಹೋದವರನ್ನು ಮಾತ್ರ ಹಿಡಿದಿರಲಿಲ್ಲ. ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು, ಬಡಾವಣೆಯ ಜನ ಚದುರಿದರು. ಆ ಸಂಖ್ಯೆ ಮಾತ್ರ ಉಳಿದುಕೊಂಡಿದೆ.

ಒಂದು ಸಲದ ಎಣಿಕೆ ಒಂದು ಫೋಟೋ ಇದ್ದಂತೆ. ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಅದೇ ಜಾಗದಲ್ಲಿ, ಅದೇ ಅಳತೆಗೋಲಿನಿಂದ ಮತ್ತೆ ಮತ್ತೆ ನೋಡಬೇಕು. ಭಾರತದಲ್ಲಿ ಇದಕ್ಕೆ ಹೆಚ್ಚು ಸಿಕ್ಕಿದ್ದು ಚೆನ್ನೈ. ವಯಸ್ಸನ್ನು ಸರಿದೂಗಿಸಿ ನೋಡಿದಾಗ ಅಲ್ಲಿ 1989ರಲ್ಲಿ ನೂರಕ್ಕೆ 8.3 ಇದ್ದುದು 1995ರಲ್ಲಿ 11.6, 2000ದಲ್ಲಿ 13.5, 2004ರಲ್ಲಿ 14.3 ಆಯಿತು. ಅಳತೆಗೋಲಿನ ಮಾತು ಸುಮ್ಮನೆ ಬಂದದ್ದಲ್ಲ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 140 ಮುಟ್ಟಿದರೆ ಕಾಯಿಲೆ ಎನ್ನುತ್ತಿದ್ದುದನ್ನು 1990ರ ದಶಕದ ಕೊನೆಯಲ್ಲಿ 126ಕ್ಕೆ ಇಳಿಸಿದರು. ರಾತ್ರಿ ಆರೋಗ್ಯವಂತರಾಗಿ ಮಲಗಿದ ಲಕ್ಷಾಂತರ ಜನ ಬೆಳಗ್ಗೆ ರೋಗಿಗಳಾಗಿ ಎದ್ದರು. ಅವರ ದೇಹದಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ಹಳೆಯ ಮತ್ತು ಹೊಸ ಸಮೀಕ್ಷೆಗಳನ್ನು ಪಕ್ಕಪಕ್ಕ ಇಟ್ಟು ಗಾಬರಿ ಹುಟ್ಟಿಸುವ ತಲೆಬರಹ ಬರೆಯುವವರು ಇದನ್ನು ಮರೆಯುವುದೇ ಹೆಚ್ಚು.

ಇನ್ನೊಂದು ಸೂಕ್ಷ್ಮವೂ ಇದೆ. ಊರಿನ ಕೆರೆಯಲ್ಲಿ ನೀರು ಏರಿದರೆ ಕಾಲುವೆಯಲ್ಲಿ ಹೆಚ್ಚು ನೀರು ಬಂದಿರಬಹುದು, ಇಲ್ಲವೆ ಕೋಡಿಯಲ್ಲಿ ಹೊರಹೋಗುವುದು ಕಡಿಮೆಯಾಗಿರಬಹುದು. ಸಕ್ಕರೆ ರೋಗಿಗಳ ಸಂಖ್ಯೆಯೂ ಹಾಗೆ. ವರ್ಷವರ್ಷ ಹೊಸದಾಗಿ ಕಾಯಿಲೆ ಬೀಳುವವರು ಒಳಬರುವ ನೀರು. ಸಾಯುವವರು ಕೋಡಿಯ ನೀರು. ಒಳ್ಳೆಯ ಔಷಧಿ ಸಿಕ್ಕಿ ರೋಗಿಗಳು ಹೆಚ್ಚು ಕಾಲ ಬದುಕಿದರೆ ಒಟ್ಟು ಸಂಖ್ಯೆ ಏರುತ್ತದೆ, ಅದು ಸಂತೋಷದ ಏರಿಕೆ. ಅಮೆರಿಕದಲ್ಲಿ 2009ರ ನಂತರ ಕೆಲವು ವರ್ಷ ಹೊಸ ರೋಗಿಗಳ ಪ್ರಮಾಣ ಇಳಿಯಿತು, ಆದರೂ ಒಟ್ಟು ರೋಗಿಗಳ ಸಂಖ್ಯೆ ಇಳಿಯಲಿಲ್ಲ. ಕೆರೆಯ ಮಟ್ಟವನ್ನಷ್ಟೇ ನೋಡುವವನಿಗೆ ಇದು ತಿಳಿಯದು. ಕಾಲುವೆಯನ್ನೂ ಅಳೆಯಬೇಕು. ಅದಕ್ಕೆ ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು, ಅಥವಾ ಯಾರೋ ಮೊದಲೇ ಬರೆದಿಟ್ಟ ಲೆಕ್ಕ ಇರಬೇಕು.

ಅಂಥ ಲೆಕ್ಕದ ಮಹತ್ವ ಮೊದಲು ತಿಳಿದದ್ದು ಇಂಗ್ಲೆಂಡಿನಲ್ಲಿ. ಹರ್ಟ್‌ಫರ್ಡ್‌ಶೈರ್ ಎಂಬ ಕೌಂಟಿಯಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬಾಕೆ ಸೂಲಗಿತ್ತಿಯರ ಮೇಲ್ವಿಚಾರಕಿಯಾಗಿದ್ದಳು. ಆಕೆಯ ವ್ಯವಸ್ಥೆಯಲ್ಲಿ 1911ರಿಂದ ಆ ಕೌಂಟಿಯಲ್ಲಿ ಹುಟ್ಟಿದ ಮಕ್ಕಳ ಹುಟ್ಟು ತೂಕವನ್ನೂ, ಒಂದು ವರ್ಷ ತುಂಬಿದಾಗಿನ ತೂಕವನ್ನೂ ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟರು. ದಾದಿಯರು ಮನೆಮನೆಗೆ ಹೋಗುತ್ತಿದ್ದರು. ಮಕ್ಕಳು ಸಾಯದಿರಲಿ, ಗಟ್ಟಿಯಾಗಲಿ ಎಂಬುದಷ್ಟೇ ಆಗಿನ ಕಾಳಜಿ. ಎಷ್ಟೋ ದಶಕಗಳ ನಂತರ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಎಂಬ ವೈದ್ಯ ಆ ಪುಸ್ತಕಗಳನ್ನು ಹಿಡಿದು, ಅದರಲ್ಲಿದ್ದ ಮಕ್ಕಳು ಏನಾದರೆಂದು ಹುಡುಕಿಸಿದ. ಹುಟ್ಟುವಾಗ ತೀರ ಕಡಿಮೆ ತೂಗಿದವರಲ್ಲೇ ಮುಂದೆ ಹೃದ್ರೋಗದ ಸಾವು ಹೆಚ್ಚೆಂದು ಕಂಡಿತು. 1991ರಲ್ಲಿ ಬಾರ್ಕರ್ ಮತ್ತು ಹೇಲ್ಸ್ ಇನ್ನೊಂದು ಅಂಶ ಪ್ರಕಟಿಸಿದರು. ಅರವತ್ತು ದಾಟಿದ ಗಂಡಸರಲ್ಲಿ, ಕಡಿಮೆ ತೂಕದ ಕೂಸುಗಳಾಗಿದ್ದವರಿಗೇ ಸಕ್ಕರೆ ಅರಗಿಸಿಕೊಳ್ಳುವ ಶಕ್ತಿ ಕುಗ್ಗಿತ್ತು. ಹೊಟ್ಟೆಯಲ್ಲಿದ್ದಾಗ ಪೋಷಣೆ ಸಾಲದೆ ಹೋದರೆ ಮಗು ಮಿದುಳನ್ನು ಉಳಿಸಿಕೊಂಡು, ಇನ್ಸುಲಿನ್ ಒದಗಿಸುವ ಮೇದೋಜೀರಕ ಗ್ರಂಥಿಯಂಥ ಕಡೆ ಉಳಿತಾಯ ಮಾಡುತ್ತದೆ, ಆ ಉಳಿತಾಯಕ್ಕೆ ಐವತ್ತು ವರ್ಷದ ನಂತರ ಬೆಲೆ ತೆರಬೇಕಾಗುತ್ತದೆ ಎಂಬುದು ಅವರ ವಾದ. ಆಗ ಇದನ್ನು ಒಪ್ಪದವರು ಬಹಳ ಜನ ಇದ್ದರು.

ವಾದವನ್ನು ಒರೆಗೆ ಹಚ್ಚಲು ಭಾರತಕ್ಕಿಂತ ಸರಿಯಾದ ಜಾಗವೆಲ್ಲಿ? ಕಡಿಮೆ ತೂಕದ ಕೂಸುಗಳೂ ಇಲ್ಲಿ ಹೆಚ್ಚು, ಸಕ್ಕರೆ ಕಾಯಿಲೆಯೂ ಹೆಚ್ಚು. ಆದರೆ ಐವತ್ತು ವರ್ಷದ ಹಿಂದಿನ ಹುಟ್ಟು ತೂಕ ಯಾರ ಬಳಿ ಇದ್ದೀತು? ಜನ್ಮ ನಕ್ಷತ್ರ, ರಾಶಿ, ಘಳಿಗೆ ಬೇಕಾದರೆ ಪ್ರತಿ ಮನೆಯಲ್ಲೂ ಸಿಗುತ್ತದೆ. ತೂಕ ಸಿಕ್ಕಿದ್ದು ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ.

ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್, ಮೈಸೂರಿನ ಕಲ್ಯಾಣರಾಮನ್ ಕುಮಾರನ್ ಮೊದಲಾದವರು ಹಿಡಿದ ಕೆಲಸ ಪತ್ತೇದಾರಿಯ ಹಾಗಿತ್ತು. ದಾಖಲೆಯಲ್ಲಿ ಹುಟ್ಟಿದ ಮಗುವಿಗೆ ಹೆಸರೆಲ್ಲಿಯದು, ಇನ್ನೂ ನಾಮಕರಣವೇ ಆಗಿರುವುದಿಲ್ಲ. ಆಮೇಲೆ ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರಿಗೆ ಹೋಗಿರುತ್ತಾರೆ, ಗಂಡಸರು ನೌಕರಿಗೆ ಬೆಂಗಳೂರು, ಬೊಂಬಾಯಿ ಸೇರಿರುತ್ತಾರೆ. 1993ರಿಂದ 2001ರವರೆಗೆ ಆಸ್ಪತ್ರೆಯ ಸುತ್ತಲಿನ ಮನೆಗಳಿಗೆ ಹೋಗಿ, ನೀವು ಹುಟ್ಟಿದ್ದೆಲ್ಲಿ, ಯಾವಾಗ, ತಂದೆತಾಯಿ ಯಾರು ಎಂದು ಕೇಳುತ್ತ, ಉತ್ತರವನ್ನು ಹಳೆಯ ಬರಹದೊಡನೆ ತಾಳೆ ನೋಡುತ್ತ ಹೋದರು. ಕೊನೆಗೆ ಹೊಂದಿಕೆಯಾದವರು 3,427 ಜನ. ದಾಖಲೆಯಲ್ಲಿದ್ದ ಒಟ್ಟು ಹೆರಿಗೆಗಳಲ್ಲಿ ಇದು ಸಣ್ಣ ಪಾಲು. ಹುಟ್ಟಿದ ಬೀದಿಯ ಆಸುಪಾಸಿನಲ್ಲೇ ಉಳಿದು, ಬದುಕಿದ್ದವರ ಪಾಲು. ದೂರ ಹೋದವರ, ಎಳವೆಯಲ್ಲೇ ಸತ್ತವರ ಕತೆ ಇದರಲ್ಲಿಲ್ಲ ಎಂಬುದನ್ನು ನೆನಪಿಡಬೇಕು.

ಹೃದಯದ ಫಲಿತಾಂಶ 1996ರಲ್ಲಿ ಬಂತು. ಪರೀಕ್ಷಿಸಿದ 517 ಜನರಲ್ಲಿ, ಹುಟ್ಟುವಾಗ ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ. ಏಳು ಪೌಂಡು ಅಥವಾ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3. ಬಾರ್ಕರ್ ಹೇಳಿದ್ದು ಮೈಸೂರಿನಲ್ಲೂ ನಿಜವಾಯಿತು. ಸಕ್ಕರೆಯೂ ಹಾಗೆಯೇ ಇರುತ್ತದೆಂದು ಎಲ್ಲರೂ ಎಣಿಸಿದ್ದರು.

ಹಾಗಿರಲಿಲ್ಲ. 1998ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡದ್ದು ಬಡಕಲು ಕೂಸುಗಳಾಗಿದ್ದವರಲ್ಲಲ್ಲ. ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದ್ದವರಲ್ಲಿ. ಅವರ ತಾಯಂದಿರು ಬಸುರಿನಲ್ಲಿ ಉಳಿದವರಿಗಿಂತ ಹೆಚ್ಚು ತೂಗುತ್ತಿದ್ದವರು. "ಗುಂಡುಗುಂಡಾಗಿದೆ ಮಗು" ಎಂದು ದೃಷ್ಟಿ ತೆಗೆಸಿಕೊಂಡ ಕೂಸುಗಳೇ ಇವು ಎನ್ನಬಹುದು. ಇಂಗ್ಲೆಂಡಿನ ಲೆಕ್ಕ ಇಲ್ಲಿ ತಲೆಕೆಳಗಾದಂತೆ ಕಂಡಿತು. ಎಣಿಸಿದ್ದು ಸಿಗದಾಗ ಅದನ್ನು ಹಾಗೆಯೇ ಅಚ್ಚು ಹಾಕಿಸುವುದಕ್ಕೆ ಒಂದು ಬಗೆಯ ಪ್ರಾಮಾಣಿಕತೆ ಬೇಕು, ಅದು ಇವರಲ್ಲಿತ್ತು.

ಅವರು ಮುಂದಿಟ್ಟ ವಿವರಣೆ ಹೀಗಿದೆ. ಹಳ್ಳಿಯ ಬಡ ಮನೆಯಲ್ಲಿ ಹುಟ್ಟಿ, ಅರೆಹೊಟ್ಟೆಯಲ್ಲಿ ಬೆಳೆದ ಹುಡುಗಿಯ ದೇಹದಲ್ಲಿ ಇನ್ಸುಲಿನ್ನಿನ ಬಂಡವಾಳ ಮೊದಲೇ ಕಡಿಮೆ. ಅವಳು ಮದುವೆಯಾಗಿ ಪೇಟೆಗೆ ಬರುತ್ತಾಳೆ; ನೀರು ಹೊರುವುದು, ಗದ್ದೆಗೆ ಹೋಗುವುದು ತಪ್ಪುತ್ತದೆ; ಊಟಕ್ಕೆ ಕೊರತೆಯಿಲ್ಲ, ಮೈ ತುಂಬಿಕೊಳ್ಳುತ್ತದೆ. ಬಸುರಿನಲ್ಲಿ ಅವಳ ರಕ್ತದ ಸಕ್ಕರೆ ಏರುತ್ತದೆ. ಏರಿದ ಸಕ್ಕರೆ ಮಗುವಿಗೂ ಹರಿದು ಅದು ಕೊಬ್ಬು ಕಟ್ಟುತ್ತದೆ, ಎಲುಬು ಸ್ನಾಯು ಮಾತ್ರ ಅಷ್ಟು ಬೆಳೆಯುವುದಿಲ್ಲ. ಹಾಗಿದ್ದರೆ ಬಡತನ ಒಂದು ತಲೆಮಾರಿನಲ್ಲಿ, ಅನುಕೂಲ ಇನ್ನೊಂದು ತಲೆಮಾರಿನಲ್ಲಿ ಬಂದು ಎರಡೂ ಸೇರಿ ಮೂರನೆಯವರ ಮೇಲೆ ಬೀಳುತ್ತವೆ. ಇದೇ ಕಾಲಕ್ಕೆ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಭಾರತದ ಕೂಸು ತೆಳ್ಳಗೆ ಕಂಡರೂ ಅದರಲ್ಲಿ ಸ್ನಾಯುವೇ ಕಡಿಮೆ, ಕೊಬ್ಬು ಅಷ್ಟಾಗಿ ಕಡಿಮೆಯಿಲ್ಲ ಎಂದು ಅಳೆದು ತೋರಿಸುತ್ತಿದ್ದರು. ತೆಳ್ಳಗಿದ್ದೂ ಕೊಬ್ಬಿರುವ ಈ ಕೂಸನ್ನು ಈಗ ಜಗತ್ತಿನ ವೈದ್ಯರೆಲ್ಲ ಬಲ್ಲರು.

ಮೈಸೂರಿನ ವಿವರಣೆಯಲ್ಲಿ ಒಂದು ಕೊಂಡಿ ಕಾಣೆಯಾಗಿತ್ತು. ಹಳೆಯ ದಪ್ತರದಲ್ಲಿ ತಾಯಿಯ ತೂಕವಿತ್ತು, ತಾಯಿಯ ರಕ್ತದ ಸಕ್ಕರೆ ಇರಲಿಲ್ಲ. 1934ರಲ್ಲಿ ಅದನ್ನು ಅಳೆಯುವ ಯೋಚನೆ ಯಾರಿಗೆ ಬರಬೇಕು? ಇಲ್ಲದ ಅಂಕಣವನ್ನು ಹಿಂದೆ ಹೋಗಿ ತುಂಬಲಾಗದು. ಹಾಗಾಗಿ ಅವರು ಅದೇ ಆಸ್ಪತ್ರೆಯಲ್ಲಿ ಹೊಸದೊಂದು ಲೆಕ್ಕ ಆರಂಭಿಸಿದರು. 1997–98ರಲ್ಲಿ ಬಸುರಿನ ತಪಾಸಣೆಗೆ ಬಂದ 830 ಹೆಂಗಸರು ಸೇರಿಕೊಂಡರು. ಗ್ಲೂಕೋಸು ಕುಡಿಸಿ ನೋಡಿದಾಗ ನೂರಕ್ಕೆ ಆರಕ್ಕಿಂತ ತುಸು ಹೆಚ್ಚು ಮಂದಿಗೆ ಬಸುರಿನ ಸಕ್ಕರೆ ಕಾಯಿಲೆಯಿತ್ತು. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಇದು ಮಾಯವಾಗುತ್ತದೆ. "ಬಸುರಿನಲ್ಲಿ ಸ್ವಲ್ಪ ಇತ್ತು, ಆಮೇಲೆ ಹೋಯಿತು" ಎಂದು ಹೆಂಗಸರು ಹೇಳಿ ಮರೆಯುತ್ತಾರೆ. ಮೈಸೂರಿನವರು ಮರೆಯಲಿಲ್ಲ. ಐದು ವರ್ಷ ಕಳೆದ ಮೇಲೆ ಅದೇ ತಾಯಂದಿರನ್ನು ಮತ್ತೆ ಪರೀಕ್ಷಿಸಿದರು. ಬಸುರಿನಲ್ಲಿ ಸಕ್ಕರೆ ಇದ್ದವರಲ್ಲಿ ನೂರಕ್ಕೆ 37 ಮಂದಿಗೆ ಕಾಯಿಲೆ ಬಂದಿತ್ತು. ಇಲ್ಲದವರಲ್ಲಿ ಬರೀ 2. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ಜೊತೆಯವರು ಮಕ್ಕಳ ಬೆನ್ನನ್ನೂ ಬಿಡಲಿಲ್ಲ. ಸಕ್ಕರೆಯಿದ್ದ ತಾಯಂದಿರ ಮಕ್ಕಳು ಒಂಬತ್ತೂವರೆ ವರ್ಷಕ್ಕೆ ಬರುವಷ್ಟರಲ್ಲೇ ಬೇರೆ ಮಕ್ಕಳಿಗಿಂತ ಹೆಚ್ಚು ಕೊಬ್ಬು ಕಟ್ಟಿದ್ದರು, ರಕ್ತದಲ್ಲಿ ಸಕ್ಕರೆಯೂ ಇನ್ಸುಲಿನ್ನೂ ಹೆಚ್ಚಿತ್ತು. ನಾಲ್ಕನೆಯ ಕ್ಲಾಸಿನ ಮಕ್ಕಳು! ಅವರು ತಿಂದ ಐಸ್‌ಕ್ರೀಮನ್ನೋ, ಆಡದೆ ಬಿಟ್ಟ ಕಬಡ್ಡಿಯನ್ನೋ ಮಾತ್ರ ದೂರಿ ಪ್ರಯೋಜನವಿಲ್ಲ.

ಅಂದ ಮಾತ್ರಕ್ಕೆ ತಾಯಿಯನ್ನು ದೂರಬೇಕೆಂದಲ್ಲ. ಈ ದೇಶದಲ್ಲಿ ತಾಯಿಯನ್ನು ದೂರಲು ಕಾರಣಗಳಿಗೆ ಬರವಿಲ್ಲ, ಇನ್ನೊಂದನ್ನು ಸೇರಿಸುವುದು ಬೇಡ. ಅವಳು ಹದಿನಾಲ್ಕರ ಹುಡುಗಿಯಾಗಿದ್ದಾಗ ಅವಳ ತಟ್ಟೆಯಲ್ಲಿ ಏನಿತ್ತು, ಅಣ್ಣತಮ್ಮಂದಿರು ಉಂಡ ಮೇಲೆ ಎಷ್ಟು ಉಳಿದಿತ್ತು ಎಂಬ ಪ್ರಶ್ನೆಯನ್ನು ಈ ಲೆಕ್ಕ ಎತ್ತುತ್ತದೆ. ಅದಕ್ಕೆ ಉತ್ತರ ಕೊಡಬೇಕಾದವರು ಅಪ್ಪ, ಅಮ್ಮ, ಅಜ್ಜಿ, ಪಡಿತರ ಅಂಗಡಿ, ಶಾಲೆಯ ಬಿಸಿಯೂಟ, ಎಲ್ಲರೂ.

ಇಷ್ಟರಲ್ಲಿ ಇಡೀ ದೇಶದ ಎಣಿಕೆಯೂ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 2008ರಿಂದ 2020ರವರೆಗೆ, ರಾಜ್ಯದ ನಂತರ ರಾಜ್ಯದಂತೆ, ಒಂದು ಲಕ್ಷ ಹದಿಮೂರು ಸಾವಿರ ಜನರನ್ನು ಅವರವರ ಊರುಗಳಲ್ಲೇ ಪರೀಕ್ಷಿಸಿದರು. 2023ರಲ್ಲಿ ಹೊರಬಂದ ಅಂದಾಜಿನಂತೆ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ, ಅಂದರೆ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆಯಿದೆ. ಇನ್ನೂ 13 ಕೋಟಿ 60 ಲಕ್ಷ ಜನ ಹೊಸ್ತಿಲ ಮೇಲಿದ್ದಾರೆ; ಕಾಯಿಲೆ ಎನ್ನುವಷ್ಟಿಲ್ಲ, ಸರಿಯಿದೆ ಎನ್ನುವಂತೆಯೂ ಇಲ್ಲ. ಗೋವಾದಲ್ಲಿ ಕಾಯಿಲೆ ನೂರಕ್ಕೆ 26.4, ಉತ್ತರ ಪ್ರದೇಶದಲ್ಲಿ 4.8. ಉತ್ತರ ಪ್ರದೇಶದವರು ಪುಣ್ಯವಂತರೆಂದು ಹೇಳುವ ಮೊದಲು ಪಕ್ಕದ ಅಂಕಣ ನೋಡಬೇಕು. ಅಲ್ಲಿ ಹೊಸ್ತಿಲ ಮೇಲಿರುವವರು ನೂರಕ್ಕೆ 18. ಕಾಲುವೆಯಲ್ಲಿ ನೀರು ಬರುತ್ತಿದೆ, ಕೆರೆಗೆ ಇನ್ನೂ ಮುಟ್ಟಿಲ್ಲ.

ಆ ಸಮೀಕ್ಷೆಯ ನಡುವೆ, 2017ರಲ್ಲಿ, ಹದಿನೈದು ರಾಜ್ಯಗಳ ಲೆಕ್ಕ ಹೊರಬಂದಿತ್ತು. ಸಕ್ಕರೆ ಕಾಯಿಲೆ ಪತ್ತೆಯಾದವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ, ಬಾಗಿಲು ತಟ್ಟಿದವರು ಬರುವವರೆಗೆ ಅದು ಇದೆಯೆಂದೇ ಗೊತ್ತಿರಲಿಲ್ಲ. ಮುಂದುವರಿದ ರಾಜ್ಯಗಳ ಪಟ್ಟಣಗಳಲ್ಲಿ ಶ್ರೀಮಂತರಿಗಿಂತ ಬಡವರಲ್ಲೇ ಕಾಯಿಲೆ ಹೆಚ್ಚಾಗಿತ್ತು. ಶ್ರೀಮಂತರ ಕಾಯಿಲೆ ಎಂಬ ಹಳೆಯ ಮಾತನ್ನು ಇನ್ನೂ ಹಿಡಿದುಕೊಂಡವರು ಇದನ್ನು ಗಮನಿಸಬೇಕು. ಬಡವನಿಗೆ ಬಂದರೆ ಮಾತ್ರೆಗೂ ಪರೀಕ್ಷೆಗೂ ಕೂಲಿಯಲ್ಲೇ ಎತ್ತಿಡಬೇಕು, ಕಾಲಿನ ಹುಣ್ಣಿಗೆ ರಜೆ ಹಾಕಿದರೆ ಅಂದಿನ ಕೂಲಿಯೇ ಇಲ್ಲ.

ಈಗ ಬಾಗಿಲು ತಟ್ಟುವವಳು ಬಹಳ ಕಡೆ ಆಶಾ ಕಾರ್ಯಕರ್ತೆ. ಮೂವತ್ತು ದಾಟಿದ ಪ್ರತಿಯೊಬ್ಬರ ಬಗ್ಗೆ ಅವಳು ಒಂದು ಫಾರಂ ತುಂಬಬೇಕು. ವಯಸ್ಸೆಷ್ಟು, ಬೀಡಿ ತಂಬಾಕು ಉಂಟೆ, ಕುಡಿತ ಉಂಟೆ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಇತ್ತೆ, ದಿನಕ್ಕೆ ಎಷ್ಟು ಹೊತ್ತು ಮೈ ಬಗ್ಗಿಸಿ ಕೆಲಸ? ಆಮೇಲೆ ಟೇಪು ತೆಗೆದು ಸೊಂಟದ ಸುತ್ತಳತೆ ನೋಡಬೇಕು. ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರು ದಾಟಿದರೆ ಅಂಕ ಏರುತ್ತದೆ. ಸೊಂಟ ಅಳೆಯಬೇಕೆಂದರೆ ಗಂಡಸರು ನಗುತ್ತಾರೆ, ಅತ್ತೆಯ ಎದುರು ಸೊಸೆ ನಾಚುತ್ತಾಳೆ. ಅವಳ ಕೈಯಲ್ಲಿ ಇನ್ನೂ ಐವತ್ತು ಮನೆಗಳ ಫಾರಂ ಬಾಕಿ ಇರುತ್ತದೆ. ಕಣ್ಣಂದಾಜಿನಲ್ಲಿ 78 ಎಂದು ಬರೆದು ಮುಂದಿನ ಮನೆಗೆ ಹೋದರೆ ಇವತ್ತು ಕೇಳುವವರು ಯಾರೂ ಇಲ್ಲ. ಅವಳಿಗೆ ಸಿಕ್ಕುವ ಗೌರವಧನಕ್ಕೆ ಅಷ್ಟು ಮಾಡಿದರೂ ಸಾಕೆನ್ನುವವರಿದ್ದಾರೆ. ಆದರೂ ಟೇಪು ಬಿಚ್ಚಿ, ಒಮ್ಮೆ ಸುತ್ತಿ, ಸೀರೆಯ ನೆರಿಗೆ ಸರಿಸಿ ಇನ್ನೊಮ್ಮೆ ಸುತ್ತಿ ನೋಡಿ 84 ಎಂದು ಬರೆಯುವವರೂ ಅವರಲ್ಲಿ ಇದ್ದಾರೆ.

ಬಸುರಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಮಗುವಿನ ಹುಟ್ಟು ತೂಕಕ್ಕೆ ಒಂದು ಜಾಗವಿದೆ. ಲಸಿಕೆಗಳೆಲ್ಲ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಅದು ಕಪಾಟಿನ ತಳ ಸೇರುತ್ತದೆ, ಮನೆ ಬದಲಿಸುವಾಗ ರದ್ದಿಗೆ ಹೋಗುತ್ತದೆ. ಅಂಕಪಟ್ಟಿಗಳಿಗೆ ಪ್ಲಾಸ್ಟಿಕ್ಕು ಹೊದಿಸಿ ಕಾಪಾಡುವ ತಂದೆತಾಯಿಗಳು ಇದನ್ನೂ ಅದೇ ಫೈಲಿಗೆ ಸೇರಿಸಬಹುದು, ಬಸುರಿನಲ್ಲಿ ಸಕ್ಕರೆ ಇತ್ತೋ ಇಲ್ಲವೋ ಎಂಬ ಚೀಟಿಯೊಡನೆ. ಮಂಡಿ ಮೊಹಲ್ಲಾದ ಎರಡನೆಯ ಲೆಕ್ಕದಲ್ಲಿ 1997–98ರಲ್ಲಿ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದ ಹೆಣ್ಣುಮಕ್ಕಳಿಗೆ ಈಗ ಇಪ್ಪತ್ತೈದು ದಾಟಿದೆ. ಅವರೂ ತಾಯಂದಿರಾಗುವ ವಯಸ್ಸು ಅದು. ಅವರ ಮಕ್ಕಳನ್ನೂ ಯಾರಾದರೂ ತಕ್ಕಡಿಯಲ್ಲಿಟ್ಟು ತೂಗಿ, ಬರೆದಿಡಬೇಕು.